ಮಾತನಾಡುವ ಯಂತ್ರದ ನೆನಪು



ಬ್ಯಾಂಕಿನ ಲೆಕ್ಕ, ರೈಲಿನ ಟಿಕೆಟ್ಟು, ಗ್ಯಾಸಿನ ಬುಕ್ಕಿಂಗು ಮುಂತಾದ ಮನೆವಾರ್ತೆಯ ಕೆಲಸಗಳಿಗಾಗಿ ಮೊಬೈಲನ್ನು ತೆರೆದಾಗ, "ನಮಸ್ಕಾರ, ತಮಗೇನು ಬೇಕು?" ಎಂದು ಕೇಳುವ ಚಾಟ್‌ಬಾಟ್ ಎಂಬ ಸಂಭಾಷಣಾ ಯಂತ್ರವನ್ನು ತಾವೆಲ್ಲರೂ ಕಂಡಿರುವಿರಿ. ನಮ್ಮ ಹುಡುಗಿಯರಲ್ಲಿ ಅನೇಕರು ಇಂಥ ಯಂತ್ರಗಳನ್ನು ತಾವೇ ರಚಿಸಲು ಕಲಿಯುತ್ತಿರುವರು. ಕಲಿಯುವವರ ಮನಸ್ಸು ಸಾಮಾನ್ಯವಾಗಿ ಯಂತ್ರವು ಆಡುವ ಮಾತಿನ ಕಡೆಗೆ ಹರಿಯುವುದೇ ಹೊರತು, ಅದು ನೆನಪಿಟ್ಟುಕೊಳ್ಳುವ ಸಂಗತಿಗಳ ಕಡೆಗೆ ಹರಿಯುವುದು ಕಡಮೆ. ಆದರೆ ಯಂತ್ರದ ಒಳಿತು ಕೆಡಕುಗಳೆಲ್ಲವೂ ಬಹುಮಟ್ಟಿಗೆ ಅದರ ನೆನಪಿನ ವ್ಯವಸ್ಥೆಯನ್ನೇ ಅವಲಂಬಿಸಿರುವುವು. ಆದಕಾರಣ ಆ ನೆನಪನ್ನು ಹೇಗೆ ಹೆಸರಿಸಿ, ವಿಂಗಡಿಸಿ, ಅಣಿಗೊಳಿಸಬೇಕೆಂಬುದನ್ನು ಈ ಲೇಖನದಲ್ಲಿ ವಿವರಿಸಲು ಯತ್ನಿಸುವೆವು.

ಇಂಥ ಯಂತ್ರಗಳಲ್ಲಿ ಪ್ರಸಿದ್ಧವಾದ ಮೊದಲನೆಯದು ಎಲೈಜಾ. ಅಮೆರಿಕಾ ದೇಶದ ಮ್ಯಾಸಚೂಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಪ್ರೊಫೆಸರರಾಗಿದ್ದ ಜೋಸೆಫ್ ವೈಜನ್‌ಬಾಮ್ ಎಂಬವರು ಅದನ್ನು ರಚಿಸಿ, ೧೯೬೬ರಲ್ಲಿ ಅದರ ವಿವರಣೆಯನ್ನು ಪ್ರಕಟಿಸಿದರು. ಬರ್ನಾರ್ಡ್ ಷಾ ಅವರ 'ಪಿಗ್ಮೇಲಿಯನ್' ನಾಟಕದಲ್ಲಿ ಮಾತನಾಡುವ ರೀತಿಯನ್ನು ಕಲಿಯುವ ಎಲೈಜಾ ಎಂಬ ಹುಡುಗಿಯ ಹೆಸರನ್ನೇ ಅದಕ್ಕಿಟ್ಟರು. ಎದುರಿಗಿರುವವರು ಟೈಪು ಮಾಡಿದ ವಾಕ್ಯದಲ್ಲಿ ಕೆಲವು ಗುರುತಿನ ಶಬ್ದಗಳನ್ನು ಹುಡುಕಿ, 'ನನ್ನ' ಎಂಬುದನ್ನು 'ನಿಮ್ಮ' ಎಂದು ಮಾರ್ಪಡಿಸಿ, ಅದನ್ನೇ ಪ್ರಶ್ನೆಯಾಗಿ ಹಿಂದಿರುಗಿಸುವುದು ಅದರ ಮುಖ್ಯ ಉಪಾಯವಾಗಿತ್ತು. ಅದಕ್ಕೆ ಒಂದು ಸಣ್ಣ ನೆನಪೂ ಇತ್ತು. 'ನನ್ನ' ಎಂಬ ಶಬ್ದದೊಡನೆ ಹೇಳಿದ ಕೆಲವು ಮಾತುಗಳನ್ನು ಅದು ಬದಿಗಿಟ್ಟುಕೊಂಡು, ಮುಂದೆ ಯಾವ ಉತ್ತರವೂ ತೋಚದಿದ್ದಾಗ, ಆಗ ಹೇಳಿದ ಸಂಗತಿಗೂ ಇದಕ್ಕೂ ಸಂಬಂಧವುಂಟೋ ಎಂಬರ್ಥದ ಪ್ರಶ್ನೆಯನ್ನು ಕೇಳುತ್ತಿತ್ತು.

ಈ ಅಲ್ಪವಾದ ನೆನಪು, ಅಲ್ಪವಾದ ಉಪಾಯ ಇವುಗಳಿಂದಲೇ ಜನರು ಅದರೊಡನೆ ಆಪ್ತರೊಡನೆ ಮಾತನಾಡುವಂತೆ ಮಾತನಾಡತೊಡಗಿದರು. ಆ ಯಂತ್ರವು ಸಿದ್ಧವಾಗುವುದನ್ನು ಅನೇಕ ತಿಂಗಳುಗಳ ಕಾಲ ಕಣ್ಣಾರೆ ಕಂಡಿದ್ದ ತಮ್ಮ ಕಾರ್ಯದರ್ಶಿನಿಯೇ ಅದರೊಡನೆ ಕೆಲವು ಮಾತುಗಳನ್ನಾಡಿದ ಬಳಿಕ, ತಾವು ಕೋಣೆಯಿಂದ ಹೊರಗೆ ಹೋಗಬೇಕೆಂದು ಕೇಳಿಕೊಂಡಳೆಂದು ವೈಜನ್‌ಬಾಮರು ೧೯೭೬ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಬರೆದಿರುವರು. ಮನುಷ್ಯರು ಯಂತ್ರದ ಮುಂದೆ ಮನಸ್ಸನ್ನು ಬಿಚ್ಚುವರೆಂಬುದು ಇದರಿಂದ ತಿಳಿಯುವುದು. ಹಾಗೆ ಬಿಚ್ಚಿಟ್ಟ ಮಾತುಗಳು ಎಲ್ಲಿ ಹೋಗಿ ಸೇರುವುವು? ಎಷ್ಟು ದಿನ ಅಲ್ಲಿರುವುವು? ಯಾರ ಕೈಗೆ ಸಿಕ್ಕುವುವು? ಈ ಪ್ರಶ್ನೆಗಳಿಗೆ ಉತ್ತರವು ವೇರಿಯಬಲ್ಲುಗಳ ವ್ಯವಸ್ಥೆಯಲ್ಲಿದೆ.

ವೇರಿಯಬಲ್ ಎಂದರೇನು? ಬೀಜಗಣಿತದ ಪಾಠದಲ್ಲಿ ಅದಕ್ಕೆ 'ಚರ' ಎಂದು ಹೆಸರು. ಅಡಿಗೆಮನೆಯ ಗೂಡಿನಲ್ಲಿ ಚೀಟಿ ಅಂಟಿಸಿದ ಡಬ್ಬಿಗಳನ್ನು ಸಾಲಾಗಿ ಇಟ್ಟಿರುತ್ತೇವಷ್ಟೆ. ಕಂಪ್ಯೂಟರಿನ ಸ್ಮರಣೆಯಲ್ಲಿ ಹಾಗೆಯೇ ಹೆಸರು ಕೊಟ್ಟು ಕಾದಿರಿಸಿದ ಒಂದು ಸ್ಥಳವೇ ಚರ. 'ಹೆಸರು' ಎಂಬ ಡಬ್ಬಿಯಲ್ಲಿ 'ಕಮಲ' ಎಂದೂ, 'ತರಗತಿ' ಎಂಬ ಡಬ್ಬಿಯಲ್ಲಿ '೯' ಎಂದೂ ಇಡಬಹುದು. ಮರುವರ್ಷ ೯ನ್ನು ತೆಗೆದು ೧೦ನ್ನು ಇಡಬಹುದು. ಒಂದು ಭೇದವನ್ನು ಮಾತ್ರ ಗಮನಿಸಬೇಕು: ಅಕ್ಕಿಯ ಡಬ್ಬಿಗೆ ಹೊಸ ಅಕ್ಕಿಯನ್ನು ಸುರಿದರೆ ಹಳೆಯದು ಕೆಳಗೆ ಉಳಿಯುವುದು. ಸಾಧಾರಣವಾದ ಚರದಲ್ಲಿ ಹೊಸದನ್ನಿಟ್ಟೊಡನೆ ಹಳೆಯದು ಇಲ್ಲದಂತಾಗುವುದು.

ಇಂಥ ಡಬ್ಬಿಯೊಂದು ಬೇಕೆಂದು ಮೊದಲೇ ತಿಳಿಸುವುದಕ್ಕೆ 'ಘೋಷಣೆ' ಎಂದು ಹೇಳಬಹುದು. ಘೋಷಿಸುವವಳು ನಾಲ್ಕು ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಇದರ ಹೆಸರೇನು? ಇದರಲ್ಲಿ ಎಂಥ ಪದಾರ್ಥವನ್ನು ಇಡತಕ್ಕದ್ದು? ಇದು ಯಾರದು? ಇದು ಎಷ್ಟು ಕಾಲ ಇರತಕ್ಕದ್ದು? ಲೆಕ್ಕಮಾಡುವ ಸಾಮಾನ್ಯ ಪ್ರೋಗ್ರಾಮಿನಲ್ಲಿ ಮೊದಲಿನ ಎರಡಕ್ಕೆ ಗಮನಕೊಟ್ಟರೆ ಬಹುಮಟ್ಟಿಗೆ ಸಾಕಾದೀತು. ಸಂಭಾಷಣಾ ಯಂತ್ರದಲ್ಲಿಯಾದರೋ ಕೊನೆಯ ಎರಡು ಪ್ರಶ್ನೆಗಳೇ ಅತ್ಯಂತ ಮುಖ್ಯವಾದುವು. ಅವುಗಳನ್ನು ಒಂದೊಂದಾಗಿ ವಿಚಾರಿಸೋಣ.

ಹೆಸರಿನ ವಿಷಯದಲ್ಲಿ ಕಂಪ್ಯೂಟರ್ ಭಾಷೆಗಳ ಪದ್ಧತಿಯು ಒಂದೇ ತೆರನಾಗಿಲ್ಲ. ೧೯೫೭ರಲ್ಲಿ ಬಳಕೆಗೆ ಬಂದ ಫೋರ್ಟ್ರಾನ್ ಭಾಷೆಯಲ್ಲಿ ಐ ಎಂಬ ಅಕ್ಷರದಿಂದ ಎನ್ ಎಂಬ ಅಕ್ಷರದವರೆಗಿನ ಯಾವುದಾದರೊಂದರಿಂದ ಹೆಸರು ಮೊದಲಾದರೆ ಅದು ಪೂರ್ಣಾಂಕವೆಂದು ಯಂತ್ರವೇ ಊಹಿಸಿಕೊಳ್ಳುತ್ತಿತ್ತು. ಆಲ್ಗಾಲ್ ೬೦ ಎಂಬ ಭಾಷೆಯು ಎಲ್ಲ ಚರಗಳನ್ನೂ ಮೊದಲೇ ಘೋಷಿಸಬೇಕೆಂದು ವಿಧಿಸಿತು. ಈಗ ಶಾಲೆಗಳಲ್ಲಿ ಕಲಿಸುವ ಪೈಥಾನ್ ಭಾಷೆಯಲ್ಲಿ ಪ್ರತ್ಯೇಕವಾದ ಘೋಷಣೆ ಬೇಕಿಲ್ಲ. ಹೆಸರನ್ನು ಬರೆದು ಬೆಲೆಯನ್ನು ಕೊಟ್ಟೊಡನೆ ಡಬ್ಬಿಯು ಸಿದ್ಧವಾಗುವುದು. ಇದು ಸುಲಭವಾದುದು ನಿಜ. ಆದರೆ 'ತರಗತಿ' ಎಂದು ಬರೆಯುವ ಕಡೆ ಕೈತಪ್ಪಿ 'ತರಗತ' ಎಂದು ಬರೆದು ಹೊಸ ಬೆಲೆಯನ್ನಿಟ್ಟರೆ, ಯಂತ್ರವು ಆಕ್ಷೇಪಿಸದೆ ಇನ್ನೊಂದು ಡಬ್ಬಿಯನ್ನು ಮಾಡಿಬಿಡುವುದು. ಹುಡುಗಿಯು ಹತ್ತನೆಯ ತರಗತಿಗೆ ಬಂದಿದ್ದರೂ ಯಂತ್ರವು ಒಂಬತ್ತನೆಯದರ ವೇಳಾಪಟ್ಟಿಯನ್ನೇ ಹೇಳುತ್ತಿರುವುದು. ಆದಕಾರಣ ಭಾಷೆಯು ಕಡ್ಡಾಯಪಡಿಸದಿದ್ದರೂ, ಬೇಕಾದ ಚರಗಳೆಲ್ಲವನ್ನೂ ಪ್ರೋಗ್ರಾಮಿನ ಆರಂಭದಲ್ಲಿ ಒಂದೇ ಕಡೆ ಬರೆದಿಡುವುದು ವಿವೇಕ.

ಹೆಸರು ಅರ್ಥವನ್ನು ತಿಳಿಸುವಂತಿರಬೇಕು. 'ಕ', 'ಖ' ಎಂದು ಹೆಸರಿಟ್ಟರೆ ಬರೆದವಳಿಗೂ ಮೂರು ತಿಂಗಳ ಮೇಲೆ ಅರ್ಥವಾಗದು. 'ಶುಲ್ಕ' ಎಂಬುದಕ್ಕಿಂತ 'ಬಾಕಿಶುಲ್ಕ_ರೂಪಾಯಿ' ಎಂಬುದು ಲೇಸು, ಏಕೆಂದರೆ ಅಳತೆಯೂ ಹೆಸರಿನಲ್ಲಿಯೇ ಇರುವುದು. ಅಳತೆಯನ್ನು ಸ್ಪಷ್ಟಪಡಿಸದೆ ಹೋದರೆ ಎಂಥ ಹಾನಿಯಾದೀತೆಂಬುದಕ್ಕೆ ೧೯೯೯ರ ಸೆಪ್ಟೆಂಬರ್ ೨೩ರಂದು ನಷ್ಟವಾದ 'ಮಾರ್ಸ್ ಕ್ಲೈಮೇಟ್ ಆರ್ಬಿಟರ್' ಎಂಬ ನೌಕೆಯೇ ಸಾಕ್ಷಿ. ಭೂಮಿಯಲ್ಲಿದ್ದ ಒಂದು ಪ್ರೋಗ್ರಾಂ ಪೌಂಡಿನ ಅಳತೆಯಲ್ಲಿ ಅಂಕಿಗಳನ್ನು ಕೊಟ್ಟಿತು. ಅವುಗಳನ್ನು ಪಡೆದ ಇನ್ನೊಂದು ಪ್ರೋಗ್ರಾಂ ಅವು ನ್ಯೂಟನ್ನಿನ ಅಳತೆಯವೆಂದು ಗ್ರಹಿಸಿತು. ಮಂಗಳಗ್ರಹದವರೆಗೆ ಸಾಗಿದ್ದ ನೌಕೆಯು ಇಷ್ಟರಿಂದಲೇ ಹಾಳಾಯಿತು.

ಎರಡನೆಯ ಪ್ರಶ್ನೆ ಪದಾರ್ಥದ ಜಾತಿಯನ್ನು ಕುರಿತದ್ದು. ಸಂಖ್ಯೆ, ಅಕ್ಷರಗಳ ಸಾಲು, ಹೌದು-ಅಲ್ಲ ಎಂಬ ನಿರ್ಣಯ, ಹಲವು ಸಂಗತಿಗಳ ಪಟ್ಟಿ ಎಂಬಿವು ಸಾಮಾನ್ಯವಾದ ಜಾತಿಗಳು. ಅಂಕಿಗಳಿಂದ ಕೂಡಿದುದೆಲ್ಲವೂ ಸಂಖ್ಯೆಯಲ್ಲವೆಂಬುದನ್ನು ನಮ್ಮ ಹುಡುಗಿಯರು ಚೆನ್ನಾಗಿ ನೆನಪಿಡಬೇಕು. ಬೆಂಗಳೂರಿನ ದೂರವಾಣಿಯ ಸಂಕೇತವು ೦೮೦, ಮಂಗಳೂರಿನದು ೦೮೨೪. ಇವನ್ನು ಸಂಖ್ಯೆಗಳೆಂದು ಇಟ್ಟರೆ ಮೊದಲಿನ ಸೊನ್ನೆಯು ಹೋಗಿ ೮೦, ೮೨೪ ಎಂದಷ್ಟೆ ಉಳಿಯುವುದು. ದೂರವಾಣಿಯ ನಂಬರುಗಳನ್ನು ಯಾರೂ ಕೂಡುವುದಿಲ್ಲ, ಕಳೆಯುವುದಿಲ್ಲ. ಕೂಡಿ ಕಳೆಯತಕ್ಕದ್ದನ್ನು ಸಂಖ್ಯೆಯಾಗಿಯೂ, ಓದಿ ಹೇಳತಕ್ಕದ್ದನ್ನು ಅಕ್ಷರಗಳ ಸಾಲಾಗಿಯೂ ಇಡತಕ್ಕದ್ದು.

ಇಲ್ಲಿಯೇ ಇನ್ನೊಂದು ಸೂಕ್ಷ್ಮವುಂಟು. ಡಬ್ಬಿಯು ಬರಿದಾಗಿದ್ದರೆ ಅದರ ಅರ್ಥವೇನು? ಯಂತ್ರವು ಒಬ್ಬ ಹುಡುಗಿಯನ್ನು 'ತಂದೆಯ ಹೆಸರೇನು?' ಎಂದು ಕೇಳಬೇಕಾಗಿರುವುದೆಂದು ಭಾವಿಸೋಣ. ಇನ್ನೂ ಕೇಳಿಯೇ ಇಲ್ಲವೆಂಬುದು ಒಂದು ಸ್ಥಿತಿ. ಕೇಳಿದರೂ ಅವಳು ಹೇಳಲೊಲ್ಲಳೆಂಬುದು ಎರಡನೆಯದು. ತಂದೆಯು ತೀರಿಹೋಗಿದ್ದಾನೆ, ಅಜ್ಜಿಯೇ ಪೋಷಕಳು ಎಂಬುದು ಮೂರನೆಯದು. ಈ ಮೂರಕ್ಕೂ ಒಂದೇ ಬರಿಯ ಡಬ್ಬಿಯನ್ನಿಟ್ಟರೆ, ತಂದೆಯಿಲ್ಲದ ಆ ಮಗುವನ್ನು ಯಂತ್ರವು ದಿನದಿನವೂ ಅದೇ ಪ್ರಶ್ನೆಯಿಂದ ನೋಯಿಸುವುದು. ಬರಿದಾದುದನ್ನು ಸೂಚಿಸುವ 'ನಲ್' ಎಂಬ ಸಂಕೇತವನ್ನು ೧೯೬೫ರಲ್ಲಿ ಆಲ್ಗಾಲ್ ಡಬ್ಲ್ಯೂ ಭಾಷೆಗಾಗಿ ಕಲ್ಪಿಸಿದ ಸರ್ ಟೋನಿ ಹೋರ್ ಎಂಬ ವಿದ್ವಾಂಸರು, ೨೦೦೯ರಲ್ಲಿ ಅದನ್ನು ತಮ್ಮ ನೂರು ಕೋಟಿ ಡಾಲರಿನ ತಪ್ಪೆಂದು ಬಹಿರಂಗವಾಗಿ ಹೇಳಿಕೊಂಡರು. ಬರಿದನ್ನು ಬರಿದೆಂದು ಪರೀಕ್ಷಿಸದೆ ಬಳಸಿದುದರಿಂದ ಆದ ಕೇಡುಗಳು ಅಷ್ಟು ವಿಪುಲವಾಗಿದ್ದುವು. ಸಂಭಾಷಣಾ ಯಂತ್ರಗಳಿಗಾಗಿಯೇ ಹುಟ್ಟಿದ ರೈವ್‌ಸ್ಕ್ರಿಪ್ಟ್ ಎಂಬ ಭಾಷೆಯಲ್ಲಿ, ಇನ್ನೂ ತಿಳಿಯದ ಚರವನ್ನು ಓದಹೋದರೆ 'ಅನ್‌ಡಿಫೈನ್ಡ್' ಎಂಬ ಶಬ್ದವು ಬರುವುದು. ಎಚ್ಚರವಿಲ್ಲದೆ ಬರೆದ ಯಂತ್ರವು "ನಮಸ್ಕಾರ, ಅನ್‌ಡಿಫೈನ್ಡ್ ಅವರೇ" ಎಂದು ಬಂದವರನ್ನು ಎದುರುಗೊಳ್ಳುವುದು!

ಈಗ ಮೂರನೆಯ ಪ್ರಶ್ನೆಗೆ ಬರೋಣ: ಈ ಚರವು ಯಾರದು? ಮನೆಯಲ್ಲಿ ಇಬ್ಬರು ಮಾತನಾಡುವಾಗ ಕೇಳುವವರು ಒಬ್ಬರೇ. ಯಂತ್ರವಾದರೋ ಒಂದೇ ಸಮಯದಲ್ಲಿ ನೂರಾರು ಜನರೊಡನೆ ಮಾತನಾಡುತ್ತಿರುವುದು. ಆದುದರಿಂದ ಚರಗಳನ್ನು ಮೂರು ವರ್ಗಗಳಾಗಿ ವಿಂಗಡಿಸುವುದು ವಾಡಿಕೆ. ಯಂತ್ರದ ಸ್ವಂತ ಹೆಸರು, ಕಚೇರಿಯ ವೇಳೆ, ಶಾಲೆಯ ವಿಳಾಸ ಇವು ಯಂತ್ರದ ಚರಗಳು. ಎಲ್ಲರಿಗೂ ಇವು ಒಂದೇ. ಮಾತನಾಡುವವರ ಹೆಸರು, ಮಗಳ ತರಗತಿ, ಬಾಕಿಯಿರುವ ಶುಲ್ಕ ಇವು ವ್ಯಕ್ತಿಯ ಚರಗಳು, ಒಬ್ಬೊಬ್ಬರಿಗೆ ಒಂದೊಂದು. ಈಗತಾನೆ ಕೇಳಿದ ಪ್ರಶ್ನೆಯಲ್ಲಿದ್ದ ದಿನಾಂಕದಂಥದು ಆ ಕ್ಷಣದ ಚರ. ಉತ್ತರ ಹೇಳಿದ ಮೇಲೆ ಅದರ ಕೆಲಸ ಮುಗಿಯಿತು. ರಿಚರ್ಡ್ ವಾಲೇಸ್ ಎಂಬವರು ೧೯೯೫ರಲ್ಲಿ ಆರಂಭಿಸಿದ 'ಆಲಿಸ್' ಎಂಬ ಯಂತ್ರಕ್ಕಾಗಿ ಬೆಳೆದ ಎಐಎಂಎಲ್ ಭಾಷೆಯಲ್ಲಿ, ಯಂತ್ರದ ಹೆಸರನ್ನು ಓದುವ ಗುರುತೇ ಬೇರೆ, ವ್ಯಕ್ತಿಯ ಹೆಸರನ್ನು ಓದುವ ಗುರುತೇ ಬೇರೆ. ರೈವ್‌ಸ್ಕ್ರಿಪ್ಟಿನಲ್ಲಿಯೂ ಯಂತ್ರದ ಚರಗಳನ್ನು ಆರಂಭದ ಕಡತವೊಂದರಲ್ಲಿ ಒಟ್ಟಾಗಿ ಘೋಷಿಸುವುದೂ, ವ್ಯಕ್ತಿಯ ಚರಗಳನ್ನು ಆಯಾ ವ್ಯಕ್ತಿಯ ಹೆಸರಿನಲ್ಲಿ ಪ್ರತ್ಯೇಕವಾಗಿಡುವುದೂ ಪದ್ಧತಿಯಾಗಿದೆ.

ಈ ವಿಂಗಡಣೆಯು ತಪ್ಪಿದರೆ ಆಗುವುದೇನು? ಹೊಸದಾಗಿ ಕಲಿಯುವವಳು 'ಹೆಸರು' ಎಂಬ ಒಂದೇ ಚರವನ್ನು ಎಲ್ಲರಿಗೂ ಸಾಮಾನ್ಯವಾಗಿ ಇಟ್ಟಳೆನ್ನೋಣ. ತಾನೊಬ್ಬಳೇ ಕುಳಿತು ಪರೀಕ್ಷಿಸುವಾಗ ಎಲ್ಲವೂ ಸರಿಯಾಗಿಯೇ ಕಾಣುವುದು. ಯಂತ್ರವು ಬಳಕೆಗೆ ಬಂದ ದಿನ, ಒಬ್ಬ ತಾಯಿಯು "ನಮ್ಮ ಹುಡುಗಿಗೆ ಮೂರ್ಛೆಯ ಕಾಯಿಲೆಯುಂಟು, ಆಟಕ್ಕೆ ಬಿಡಬೇಡಿ" ಎಂದು ತಿಳಿಸುವಳು. ಮರುಕ್ಷಣದಲ್ಲಿ ಇನ್ನೊಬ್ಬ ತಾಯಿಯು ತನ್ನ ಮಗಳ ವಿಷಯವನ್ನು ಕೇಳಿದರೆ, ಮೊದಲಿನವಳ ಕಾಯಿಲೆಯ ಸಂಗತಿಯೇ ಅವಳಿಗೆ ಉತ್ತರವಾಗಿ ಬರುವುದು. ಗುಟ್ಟಾಗಿ ಹೇಳಿದ ಮಾತು ನೆರೆಯವರ ಕಿವಿಗೆ ಬಿದ್ದಂತಾಯಿತು. ಎರಡನೆಯ ತಾಯಿಗಾದರೋ ತನ್ನ ಮಗಳಿಗೇ ಕಾಯಿಲೆಯೆಂಬ ಗಾಬರಿಯಾಗುವುದು. ಒಂದೇ ಡಬ್ಬಿಯನ್ನು ಇಬ್ಬರಿಗೆ ಕೊಟ್ಟುದರ ಫಲವಿದು.

ಇದು ಕೇವಲ ಕಲ್ಪನೆಯ ಅಂಜಿಕೆಯೆಂದು ಭಾವಿಸಬಾರದು. ೨೦೨೩ರ ಮಾರ್ಚ್ ೨೦ರಂದು ಚಾಟ್‌ಜಿಪಿಟಿ ಎಂಬ ಜಗತ್ಪ್ರಸಿದ್ಧವಾದ ಯಂತ್ರದಲ್ಲಿ ಕೆಲವರಿಗೆ ಇತರರ ಸಂಭಾಷಣೆಗಳ ತಲೆಬರಹಗಳು ಕಾಣಿಸಿಕೊಂಡುವು. ಸ್ಮರಣೆಯ ಉಗ್ರಾಣಕ್ಕೂ ಯಂತ್ರಕ್ಕೂ ನಡುವೆ ಸಂದೇಶಗಳನ್ನು ಒಯ್ದು ತರುವ ಒಂದು ಪ್ರೋಗ್ರಾಮಿನ ದೋಷದಿಂದ, ಒಬ್ಬರಿಗೆ ಸೇರತಕ್ಕ ಉತ್ತರವು ಮತ್ತೊಬ್ಬರಿಗೆ ಹೋಗಿತ್ತು. ಆ ದಿನ ಒಂಬತ್ತು ಗಂಟೆಗಳ ಒಂದು ಅವಧಿಯಲ್ಲಿ ಅದನ್ನು ಬಳಸುತ್ತಿದ್ದ ಹಣತೆತ್ತ ಚಂದಾದಾರರ ಪೈಕಿ ಶೇಕಡಾ ೧.೨ರಷ್ಟು ಮಂದಿಯ ಹಣಪಾವತಿಯ ಕೆಲವು ವಿವರಗಳೂ ಪರರ ಕಣ್ಣಿಗೆ ಬಿದ್ದಿರಬಹುದೆಂದು ಆ ಸಂಸ್ಥೆಯೇ ಪ್ರಕಟಿಸಿತು. ಅಲ್ಲಿಯ ದೋಷವು ಚರದ ಘೋಷಣೆಯಲ್ಲಿರದೆ, ಅದನ್ನು ಸಾಗಿಸುವ ದಾರಿಯಲ್ಲಿತ್ತು. ಆದರೂ 'ಇದು ಯಾರದು?' ಎಂಬ ಪ್ರಶ್ನೆಯನ್ನು ಪ್ರತಿ ಹೆಜ್ಜೆಯಲ್ಲಿಯೂ ಕೇಳಬೇಕೆಂಬ ಪಾಠವು ಒಂದೇ.

ವ್ಯಕ್ತಿಯನ್ನು ಗುರುತಿಸುವ ಬಗೆಯನ್ನೂ ಯೋಚಿಸಬೇಕು. ಮೊಬೈಲಿನ ನಂಬರೇ ಸಾಕೆಂದು ಅನೇಕರು ಎಣಿಸುವರು. ನಮ್ಮ ಮನೆಗಳಲ್ಲಿ ತಾಯಿಯ ಒಂದೇ ಮೊಬೈಲನ್ನು ಅಕ್ಕತಂಗಿಯರಿಬ್ಬರೂ ಬಳಸುವುದುಂಟು. ನಂಬರೊಂದಕ್ಕೆ ಒಂದೇ 'ತರಗತಿ' ಎಂಬ ಚರವನ್ನಿಟ್ಟರೆ, ಅಕ್ಕನ ಪರೀಕ್ಷೆಯ ದಿನವನ್ನು ತಂಗಿಗೂ, ತಂಗಿಯ ಅಂಕಗಳನ್ನು ಅಕ್ಕನಿಗೂ ಹೇಳುವ ಯಂತ್ರವಾದೀತು. ಆದುದರಿಂದ ಪೋಷಕರೊಬ್ಬರಿಗೆ ಒಂದು ಲಕೋಟೆ, ಅದರೊಳಗೆ ಮಗಳೊಬ್ಬಳಿಗೆ ಒಂದು ಲಕೋಟೆ, ಅದರೊಳಗೆ ಅವಳ ತರಗತಿ, ಶುಲ್ಕ, ಹಾಜರಿ ಎಂಬಂತೆ ಒಂದರೊಳಗೊಂದನ್ನು ಅಣಿಗೊಳಿಸಬೇಕು.

ಹೀಗೆ ಚರಗಳನ್ನು ಗುಂಪುಗೂಡಿಸುವ ಕ್ರಮವು ಹೊಸದಲ್ಲ. ಗ್ರೇಸ್ ಹಾಪರ್ ಎಂಬ ವಿದುಷಿಯ ಪೂರ್ವಕೃತಿಯನ್ನು ಆಧಾರವಾಗಿಟ್ಟುಕೊಂಡು, ೧೯೫೯ರಲ್ಲಿ ಆರಂಭವಾದ ಸಮಿತಿಯೊಂದು ವ್ಯವಹಾರದ ಲೆಕ್ಕಗಳಿಗಾಗಿ ಕೋಬಾಲ್ ಎಂಬ ಭಾಷೆಯನ್ನು ರಚಿಸಿತು. ಜೀನ್ ಸ್ಯಾಮೆಟ್ ಮೊದಲಾದ ಸ್ತ್ರೀಯರು ಆ ಸಮಿತಿಯಲ್ಲಿ ಪ್ರಮುಖವಾದ ಭಾಗವನ್ನು ವಹಿಸಿದ್ದರೆಂಬುದು ನಮ್ಮ ವಿದ್ಯಾರ್ಥಿನಿಯರಿಗೆ ಸಂತೋಷದ ಸಂಗತಿ. ಕೋಬಾಲಿನ ಪ್ರೋಗ್ರಾಮಿನಲ್ಲಿ ನಾಲ್ಕು ವಿಭಾಗಗಳುಂಟು. ಮೂರನೆಯದಾದ 'ಡೇಟಾ ಡಿವಿಜನ್' ಎಂಬುದರಲ್ಲಿ ಸಾಮಗ್ರಿಗಳೆಲ್ಲವನ್ನೂ ಮೊದಲು ಘೋಷಿಸಿ, ಆಮೇಲೆಯೇ ನಾಲ್ಕನೆಯ ವಿಭಾಗದಲ್ಲಿ ಮಾಡತಕ್ಕ ಕೆಲಸವನ್ನು ಬರೆಯತಕ್ಕದ್ದು. ೦೧ ಎಂಬ ಅಂಕಿಯ ಕೆಳಗೆ ಇಡೀ ಗುಂಪಿನ ಹೆಸರನ್ನೂ, ೦೫ ಮುಂತಾದ ಹೆಚ್ಚಿನ ಅಂಕಿಗಳ ಕೆಳಗೆ ಅದರ ಅಂಗಗಳನ್ನೂ ಬರೆಯುವುದು ಅಲ್ಲಿಯ ರೂಢಿ. ಮಾಡುವ ಕೆಲಸಕ್ಕೆ ಮುಂಚೆ ಇರುವ ಸಾಮಗ್ರಿಯನ್ನು ಪಟ್ಟಿಮಾಡಿಕೊಳ್ಳುವ ಈ ಶಿಸ್ತು ಸಂಭಾಷಣಾ ಯಂತ್ರವನ್ನು ರಚಿಸುವವಳಿಗೂ ಅತ್ಯಂತ ಉಪಯುಕ್ತವಾದುದು.

ಕನ್ನಡದಲ್ಲಿ ಮಾತನಾಡುವ ಯಂತ್ರಕ್ಕೆ ಒಂದು ಚರವು ಹೆಚ್ಚಾಗಿಯೇ ಬೇಕಾಗುವುದು. ಇಂಗ್ಲಿಷಿನಲ್ಲಿ ಹಿರಿಯರಿಗೂ ಕಿರಿಯರಿಗೂ ಸಂಬೋಧನೆಯ ಸರ್ವನಾಮವು ಒಂದೇ. ನಮ್ಮಲ್ಲಿ ಐದನೆಯ ತರಗತಿಯ ಹುಡುಗಿಯನ್ನು 'ನೀನು' ಎಂದೂ, ಅವಳ ಅಜ್ಜನನ್ನು 'ತಾವು' ಎಂದೂ ಕರೆಯಬೇಕು. ಸರ್ವನಾಮವನ್ನು ಬದಲಾಯಿಸಿದರೆ ಸಾಲದು, ಕ್ರಿಯಾಪದವೂ ಅದನ್ನು ಅನುಸರಿಸಬೇಕು. 'ನಾನು ಪುಸ್ತಕವನ್ನು ಕಳೆದುಕೊಂಡೆನು' ಎಂದು ಹುಡುಗಿಯು ಬರೆದರೆ 'ನೀನು ಕಳೆದುಕೊಂಡೆಯಾ?' ಎಂದೂ, ಅಜ್ಜನು ಬರೆದರೆ 'ತಾವು ಕಳೆದುಕೊಂಡಿರಾ?' ಎಂದೂ ಕೇಳಬೇಕು. ಎಲೈಜಾ ಮಾಡಿದಂತೆ ಕೆಲವು ಶಬ್ದಗಳನ್ನು ಅದಲುಬದಲು ಮಾಡುವುದರಿಂದ ಕನ್ನಡದ ಕೆಲಸ ನಡೆಯದು. 'ಮರ್ಯಾದೆ' ಎಂಬ ಚರವೊಂದನ್ನು ವ್ಯಕ್ತಿಯ ಲಕೋಟೆಯಲ್ಲಿಟ್ಟು, ತಿಳಿಯದಿದ್ದಾಗ ಬಹುವಚನವನ್ನೇ ಬಳಸುವಂತೆ ಮೊದಲೇ ಘೋಷಿಸಿದರೆ ಯಾರಿಗೂ ಅಗೌರವವಾಗದು.

ನಾಲ್ಕನೆಯ ಪ್ರಶ್ನೆ ಆಯುಸ್ಸನ್ನು ಕುರಿತದ್ದು. ಶಾಲೆಯ ವಿಳಾಸವು ವರ್ಷಾನುವರ್ಷ ಇರಲಿ. ಮಗಳ ತರಗತಿಯು ಆ ವರ್ಷದ ಕೊನೆಯವರೆಗೆ ಇರಲಿ. ಜ್ವರದ ನಿಮಿತ್ತ ಕೇಳಿದ ರಜೆಯ ಕಾರಣವು ರಜೆ ಮುಗಿದ ಮೇಲೆ ಏಕೆ ಇರಬೇಕು? ಇಡುವ ದಿನವೇ ಅಳಿಸುವ ದಿನವನ್ನೂ ಗೊತ್ತುಮಾಡದಿದ್ದರೆ, ಮುಂದೆ ಅದನ್ನು ಅಳಿಸುವವರು ಇರುವುದಿಲ್ಲ. ೨೦೨೩ರಲ್ಲಿ ನಮ್ಮ ದೇಶದ ಪಾರ್ಲಿಮೆಂಟು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ಹದಿನೆಂಟು ವರ್ಷ ತುಂಬದವರನ್ನು ಮಕ್ಕಳೆಂದು ಎಣಿಸಿ, ಅವರ ವಿವರಗಳನ್ನು ಬಳಸಲು ತಾಯಿತಂದೆಗಳ ಒಪ್ಪಿಗೆ ಬೇಕೆಂದೂ, ಉದ್ದೇಶವು ತೀರಿದ ಮೇಲೆ ವಿವರಗಳನ್ನು ಅಳಿಸಬೇಕೆಂದೂ ವಿಧಿಸುವುದು. ಪ್ರೋಗ್ರಾಂ ಬರೆಯುವವಳು ಚರಗಳ ಆಯುಸ್ಸನ್ನು ಮೊದಲೇ ಗೊತ್ತುಮಾಡಿದ್ದರೆ ಮಾತ್ರ ಇದು ಸಾಧ್ಯವಾಗುವುದು.

'ಈಗಿನ ಹೊಸ ಯಂತ್ರಗಳು ತಾವೇ ಎಲ್ಲವನ್ನೂ ಅರಿತುಕೊಳ್ಳುವುವಲ್ಲ, ಇಷ್ಟೊಂದು ಶ್ರಮವೇಕೆ?' ಎಂದು ಕೆಲವರು ಕೇಳಬಹುದು. ಚಾಟ್‌ಜಿಪಿಟಿಯಂಥ ಯಂತ್ರಗಳ ಒಳಗಿರುವ ಭಾಷಾ ಮಾದರಿಯು ಒಂದು ಮಾತಿನಿಂದ ಇನ್ನೊಂದು ಮಾತಿಗೆ ತಾನಾಗಿ ಏನನ್ನೂ ನೆನಪಿಡುವುದಿಲ್ಲ. ಹಿಂದಿನ ಮಾತುಗಳನ್ನು ಸುತ್ತಣ ಪ್ರೋಗ್ರಾಂ ಎತ್ತಿಟ್ಟುಕೊಂಡು, ಪ್ರತಿ ಸಲವೂ ಅದರ ಮುಂದಿಡುವುದು. ಯಾರ ಮಾತುಗಳನ್ನು, ಎಷ್ಟನ್ನು, ಎಷ್ಟು ದಿನಗಳವರೆಗೆ ಎಂಬುದನ್ನು ನಿರ್ಣಯಿಸುವವರು ಇಂದಿಗೂ ಮನುಷ್ಯರೇ. ಮಾತಿನ ಚಾತುರ್ಯವು ಹೆಚ್ಚಿದಷ್ಟೂ ಜನರು ಮನಸ್ಸನ್ನು ಹೆಚ್ಚಾಗಿ ಬಿಚ್ಚುವರು. ನೆನಪನ್ನು ಕಾಯುವವರ ಹೊಣೆಯೂ ಅಷ್ಟೇ ಹೆಚ್ಚುವುದು.

ಈ ವಿದ್ಯೆಯನ್ನು ಕಲಿಯುವ ಹುಡುಗಿಯರಿಗೆ ನಾವು ಹೇಳುವುದಿಷ್ಟು: ಯಂತ್ರದ ಮೊದಲ ಮಾತನ್ನು ಬರೆಯುವ ಮುಂಚೆ ಒಂದು ಹಾಳೆಯಲ್ಲಿ ಗೆರೆಗಳನ್ನೆಳೆದು ಹೆಸರು, ಜಾತಿ, ಒಡೆಯರು, ಆಯುಸ್ಸು ಎಂಬ ನಾಲ್ಕು ಅಂಕಣಗಳನ್ನು ಮಾಡಿ, ಬೇಕಾದ ಚರಗಳನ್ನೆಲ್ಲ ತುಂಬಿರಿ. ಒಡೆಯರ ಅಂಕಣವನ್ನು ತುಂಬಲಾಗದ ಚರವನ್ನು ಇಡಲೇಬೇಡಿರಿ. ಅಗತ್ಯವಿಲ್ಲದ ಸಂಗತಿಯನ್ನು ಕೇಳಲೂ ಬೇಡಿರಿ. ಬರೆದು ಮುಗಿಸಿದ ಮೇಲೆ ಒಬ್ಬಳೇ ಕುಳಿತು ಪರೀಕ್ಷಿಸದೆ, ಗೆಳತಿಯರಿಬ್ಬರನ್ನು ಕರೆದು ಏಕಕಾಲದಲ್ಲಿ ಮಾತನಾಡಿಸಿ ನೋಡಿರಿ. ತಾಯಿತಂದೆಗಳಾದರೋ, ಯಾವ ಯಂತ್ರವು ಮಗಳ ವಿವರವನ್ನು ಕೇಳಿದರೂ, ಇದು ಏತಕ್ಕೆ, ಯಾರ ವಶದಲ್ಲಿ, ಎಂದಿನವರೆಗೆ ಎಂದು ವಿಚಾರಿಸಲು ಹಿಂದೆಗೆಯಬಾರದು. ನಂಬಿ ಹೇಳಿದ ಮಾತನ್ನು ಕಾಪಾಡುವುದು ನಮ್ಮ ಶಾಲೆಯ ಹುಡುಗಿಯರು ಬಾಲ್ಯದಿಂದಲೇ ಕಲಿತ ಸದ್ಗುಣ. ಅವರು ರಚಿಸುವ ಯಂತ್ರಗಳಲ್ಲಿಯೂ ಆ ಗುಣವು ಕಂಡುಬರಲೆಂದು ಹಾರೈಸುವೆವು.